ವಾಸನೆ ನೀವು ಹೇಳಿ

ಆಗಸ್ಟ್ ಮೊದಲ ವಾರ. ಬೈತಖೋಲ ಬಂದರು
ಎರಡು ತಿಂಗಳ ನಿದ್ದೆ ಮುಗಿಸಿ ಕಣ್ಣುಜ್ಜಿಕೊಳ್ಳುತ್ತಿತ್ತು.
ಬೇಪೂರಿನ ಮೀನು ಲಾರಿಯಿಂದಿಳಿದ ಕೋಯಾಕುಟ್ಟಿ
ಗೋಣಿಯಲ್ಲಿ ಸುತ್ತಿದ್ದೊಂದನ್ನು
ಐಸ್ ಫ್ಯಾಕ್ಟರಿಯ ಮೆಟ್ಟಿಲ ಮೇಲಿಟ್ಟು
"ಭಾವನ ತೋಟದ್ದು. ಡೂರಿಯನ್" ಎಂದ.

ಹಲಸಿನ ಮುಳ್ಳಲ್ಲ ಅದು, ಸಿಟ್ಟಿನ ಮುಳ್ಳು.
ಸೀಳುವ ಮೊದಲೇ ಜನ ಚದುರಿದರು.
ತಾರ್ಲೆ ಬುಟ್ಟಿಗೆಂದು ದಿನವೂ ಬಸ್ಸಿನಲ್ಲಿ ಬೈಸಿಕೊಳ್ಳುವ
ಶೇವಂತಿ ಹರಿಕಂತ್ರ
ಸೆರಗು ಮೂಗಿಗೊತ್ತಿ
"ಎಂತಾ ಮಾರಾಯಾ ಇದು, ಹಣ್ಣೋ ಹೆಣವೋ" ಎಂದಳು.
ಬಲೆ ಹೆಣೆಯುತ್ತಿದ್ದ ಹುಡುಗರು
ಬಲೆ ಬಿಟ್ಟು ಜೆಟ್ಟಿಯ ತುದಿಗೆ.

ನಾನು ಕೂತೇ ಇದ್ದೆ.

ಎರಡು ವರ್ಷದ ಹಿಂದೆ ಬಂದ ಜ್ವರ
ಹೋಗುವಾಗ ನನ್ನ ಮೂಗನ್ನೂ ಕಟ್ಟಿಕೊಂಡು ಹೋಗಿದೆ.
ಮುಖದ ಮೇಲೆ ಉಳಿದಿರುವುದು
ಕನ್ನಡಕಕ್ಕೊಂದು ಗೂಟ.
ಅಮೋನಿಯಾ ಸೋರಿದ ದಿನ ಎಲ್ಲರೂ ಓಡಿದರೆ
ನಾನೊಬ್ಬನೇ ವಾಲ್ವಿನ ಪಕ್ಕ ನಿಂತು
ಕಣ್ಣೇಕೆ ಉರಿಯುತ್ತಿದೆ ಎಂದು ಯೋಚಿಸುತ್ತಿದ್ದೆನಂತೆ.
ಮಾಲೀಕ ಬಾಂದೇಕರರು ಅಂದೇ
ಯಂತ್ರದ ಕೋಣೆಯಿಂದ ತೆಗೆದು
ಚೀಟಿ ಹರಿಯುವ ಕಿಟಕಿಗೆ ಕೂರಿಸಿದರು.
ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿದ್ದವನು.

ಕೋಯಾಕುಟ್ಟಿ ಕತ್ತಿಯಿಟ್ಟು ತಿರುವಿದ.
ಒಳಗೆ ಹಳದಿ ತೊಳೆಗಳು,
ಒಂದೇ ತೊಟ್ಟಿಲಲ್ಲಿ ಜಗಳಾಡಿ
ಬೆನ್ನು ತಿರುಗಿಸಿ ಮಲಗಿದ ಅವಳಿಗಳು.
ಒಂದನ್ನು ಬಾಯಿಗಿಟ್ಟೆ.

"ಹೇಗಿದೆ?" ದೂರದಿಂದಲೇ ಕೂಗಿದರು.
"ವಾಸನೆ ನೀವು ಹೇಳಿ, ರುಚಿ ನಾನು ಹೇಳುತ್ತೇನೆ."

ಹರಾಜಿನ ಕಟ್ಟೆಯ ಹಾಗೆ ಶುರುವಾಯಿತು.
"ಕೊಳೆತ ಈರುಳ್ಳಿ!"
"ಗ್ಯಾಸ್ ಸಿಲಿಂಡರು, ರೆಗ್ಯುಲೇಟರ್ ಸರಿ ಕೂರದಿದ್ದಾಗ!"
"ನಮ್ಮ ಮಾವ!" ಎಂದ ಗಿರಿಧರ. ನಕ್ಕರು.
ಶೇವಂತಿ ಮಾತ್ರ ಸೆರಗು ಸ್ವಲ್ಪ ಸರಿಸಿ
ತಕ್ಕಡಿ ಹಿಡಿದವಳಂತೆ ಒಮ್ಮೆ ಉಸಿರೆಳೆದು,
"ಮದುವೆ ಮನೆಯ ಮರುದಿನ" ಅಂದಳು.
"ಪಾಯಸದ ಹಂಡೆ ತೊಳೆದಿಲ್ಲ.
ಮೂಲೆಯಲ್ಲಿ ಬಾಡಿದ ಅಬ್ಬಲಿಗೆ.
ಹೆಣ್ಣನ್ನು ಕಳಿಸಿಯಾಗಿದೆ."

ಅದು ಸಿಕ್ಕಿತು ನನಗೆ.
ಮೂಗಿಗಲ್ಲ. ಅದರ ಹಿಂದೆ ಎಲ್ಲೋ.

ಈಗ ನನ್ನ ಪಾಲು:
ನುಣುಪು. ಬೆಣ್ಣೆಗಿಂತ ಸೋಮಾರಿ.
ಸಿಹಿ ಇದೆ, ನೇರ ಬರುವುದಿಲ್ಲ,
ಅಳಿವೆಯಲ್ಲಿ ಕಾಳಿಯ ನೀರಿನಂತೆ
ಉಪ್ಪನ್ನು ಕೇಳಿಕೊಂಡು ಬರುತ್ತದೆ.
ಕೊನೆಗೆ ನಾಲಿಗೆಯ ಬುಡದಲ್ಲೊಂದು ಕಹಿ,
ಹೇಳಲೋ ಬೇಡವೋ ಎಂದು ನಿಂತದ್ದು.

"ಅಷ್ಟೇಯಾ?"
ಅಷ್ಟೇ. ಉಳಿದದ್ದು ನಿಮ್ಮ ಹತ್ತಿರ ಇದೆ.

ಶೇವಂತಿ ಬಂದು ಪಕ್ಕದ ಮೆಟ್ಟಿಲಲ್ಲಿ ಕೂತಳು.
ಮೂಗು ಹಿಡಿದುಕೊಂಡೇ ಒಂದು ತೊಳೆ ನುಂಗಿದಳು.
ಅಷ್ಟು ಹೊತ್ತು ನಾವಿಬ್ಬರೂ ಸರಿಸಮ.
ಆಮೇಲೆ ಕೈ ಬಿಟ್ಟಳು.

ಅವಳ ಮುಖದಲ್ಲಿ ಏನೋ ಹತ್ತಿ ಬಂತು, ನಿಧಾನ,
ನಾನು ಬೀಗ ಕಳಕೊಂಡ ಮನೆಯಲ್ಲಿ
ಕೋಣೆಯಿಂದ ಕೋಣೆಗೆ
ಯಾರೋ ದೀಪ ಹಚ್ಚುತ್ತ ಹೋದ ಹಾಗೆ.
ನೋಡುತ್ತ ಕೂತೆ, ಹೊರಗೆ.

ಏನೂ ಹೇಳಲಿಲ್ಲ ಅವಳು. ಇನ್ನೊಂದು ತೊಳೆಗೆ ಕೈ ಚಾಚಿದಳು.

ರಾತ್ರಿ ಹೆಂಡತಿ ಬಾಗಿಲಲ್ಲೇ ತಡೆದು
ಬಾವಿಕಟ್ಟೆಗೆ ಅಟ್ಟಿದಳು.
ಸೋಪು ಹಚ್ಚಿ ಕೈ ಚಾಚಿದೆ: ಹೋಯಿತಾ?
ಇಲ್ಲ.
ಹುಣಸೆ ಹಚ್ಚಿ: ಈಗ?
ಥೂ, ಇಲ್ಲ.

ನನ್ನ ಬೆರಳಲ್ಲಿ ಹೋಗದೆ ಉಳಿದದ್ದೊಂದಿದೆ
ಎಂದು ಕತ್ತಲಲ್ಲಿ ಕೇಳಿಸಿಕೊಂಡು
ಮೂರನೇ ಸಲ
ಬರೀ ನೀರು ಹೊಯ್ದುಕೊಂಡೆ.