ಅರವತ್ತಮೂರು ಕುದುರೆ

ಕಂಪನಿ ಕಾಗದದ ಪ್ರಕಾರ ನನ್ನ ಪಿಕಪ್ಪಿನಲ್ಲಿ
ಅರವತ್ತಮೂರು ಕುದುರೆ ಇರಬೇಕು.
ಮೂರನೇ ಕೈಯಾಗಿ ನನಗೆ ಬರುವಷ್ಟರಲ್ಲಿ
ಎಷ್ಟು ಸತ್ತವೋ, ಎಷ್ಟು ಹಗ್ಗ ಹರಿದುಕೊಂಡು ಓಡಿದವೋ,
ಪಾಟರಿ ರೋಡಿನ ಏರು ಬಂದರೆ ಸಾಕು
ಎರಡನೇ ಗೇರಿನಲ್ಲಿ ಕೆಮ್ಮಿ, ಒಂದಕ್ಕೆ ಇಳಿದು
ಬೆನ್ನ ಮೇಲೆ ಕರಿಹೊಗೆ ಹೊದ್ದು ಹತ್ತುತ್ತಿತ್ತು.
ಪೇಪರ್ ಹುಡುಗ ಸೈಕಲ್ಲಿನಲ್ಲಿ ನನ್ನ ದಾಟಿ
ತಿರುಗಿ ನೋಡಿ ನಕ್ಕ.

ನಗಲಿ. ನನ್ನ ಹೊರೆ ಈರುಳ್ಳಿಯಲ್ಲ, ಇಟ್ಟಿಗೆಯಲ್ಲ;
ಕಾವಲ್ ಭೈರಸಂದ್ರದ ಫ್ಯಾಕ್ಟರಿಯಿಂದ
ರಸೆಲ್ ಮಾರ್ಕೆಟ್ಟಿನ ಮೀನಂಗಡಿಗಳಿಗೆ
ಹೊಟ್ಟು ಸುರಿದು ಗೋಣಿ ಹೊದಿಸಿದ
ಹನ್ನೆರಡು ಐಸ್ ಗಡ್ಡೆ.
ಗಾಡಿ ತಡವಾದರೆ ನನ್ನ ಕೂಲಿ
ಹಲಗೆಯ ಸಂದಿನಿಂದ ತೊಟ್ಟಿಕ್ಕುತ್ತದೆ.
ಇಮಾಂಬಿ ಗೇಣು ಹಾಕಿ ಅಳೆಯುತ್ತಾಳೆ:
"ಏನ್ ಸಗಾಯಮೇರಿ, ಇದು ಗಡ್ಡೆನಾ, ಸೋಪಾ?"

ಜೆ.ಸಿ. ರೋಡಿನ ಎ.ಸಿ. ಅಂಗಡಿಯ ಹುಡುಗ
ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ತೋರಿಸಿದ.
"ಹದಿನೈದು ಕುದುರೆ ಗ್ಯಾರಂಟಿ ಆಂಟಿ,
ಇಪ್ಪತ್ತೆರಡು ಸಾವಿರ."
ನನ್ನ ಕಾಫಿಪುಡಿ ಡಬ್ಬಿಯಲ್ಲಿ ಎರಡು ಸಾವಿರದ ಮುನ್ನೂರು.
ಚೀಟಿ ಬರುವುದು ಕ್ರಿಸ್ಮಸ್ ಕಳೆದ ಮೇಲೆ.

ಶಿವಾಜಿನಗರದ ಗೌಸ್‌ಪೀರ್ ಬಾನೆಟ್ ಎತ್ತಿ
ಅರ್ಧ ಲೋಟ ಚಹಾ ಮುಗಿಯುವವರೆಗೆ ಮಾತಾಡಲಿಲ್ಲ.
ಅವನ ತಾತ ಇದೇ ಗೋಡೆಯ ಪಕ್ಕ ಕೂತು
ಜಟಕಾ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದನಂತೆ.
"ಕುದ್ರೆ ಸಾಯಲ್ಲ ಮೇರಿಯಮ್ಮಾ, ಮೊಂಡು ಬೀಳ್ತವೆ.
ಮೂಗು ಕಟ್ಟಿದ್ರೆ. ಕಾಲಲ್ಲಿ ಮೊಳೆ ಇದ್ರೆ.
ಮೇಲ್ ಕೂತಿರೋನು ದಪ್ಪ ಆದ್ರೆ."

ಏರ್ ಫಿಲ್ಟರ್ ತೆಗೆದು ಕಲ್ಲಿಗೆ ಬಡಿದ:
ಮೆಟ್ರೋ ಕಂಬದ ಸಿಮೆಂಟು, ಮಳೆಮರದ ಹೂವಿನ ಕೇಸರ,
ಒಣಗಿದ ಒಂದು ಕಣಜ,
ಟ್ಯಾನರಿ ರೋಡಿನ ಮೂರು ಬೇಸಿಗೆ.
ಟರ್ಬೊ ಪೈಪಿನ ಅಡಿಯಲ್ಲಿ ಬೆರಳಿಟ್ಟ.
ಸೀಳಿತ್ತು. ನಾನು ಹಕ್ಕಿಯ ಸದ್ದೆಂದುಕೊಂಡಿದ್ದ ಆ ಸುಯ್
ಒಳಗೆ ಹೋಗಬೇಕಿದ್ದ ಉಸಿರು.
"ಗಾಳಿ ಇಲ್ಲೇ ಆಚೆ ಹೋಗ್ತಾ ಐತೆ,
ಡೀಸೆಲ್ಲು ಒಳಗೆ ಒಂಟಿಯಾಗಿ ಅಳ್ತಾ ಐತೆ."

ಜಾಕ್ ಹಾಕಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿದ.
ಎಡದ್ದು ರಾಟೆಯ ಹಾಗೆ ತಿರುಗಿತು.
ಬಲದ್ದು ಅಲ್ಲಾಡಲಿಲ್ಲ.
ಬ್ರೇಕ್ ಶೂ ಹಿಡಿದುಕೊಂಡೇ ಇತ್ತು, ಯಾವಾಗಿನಿಂದಲೋ.
ಸಿಗ್ನಲ್ ಸಿಗ್ನಲಿನಲ್ಲೂ ಮೂಗಿಗೆ ಬಡಿಯುತ್ತಿದ್ದ ಸುಟ್ಟ ವಾಸನೆ
ಈ ಊರಿನದು ಅಂದುಕೊಂಡಿದ್ದೆ.

ಆಮೇಲೆ ಅವನು ಕ್ಯಾಬಿನ್ನಿನ ನೆತ್ತಿ ನೋಡಿದ.
ಹಳೆ ಓನರ್ ಮಾಡಿಸಿದ್ದ ಕಬ್ಬಿಣದ ಕಮಾನು,
ತಗಡಿನಲ್ಲಿ ಕತ್ತರಿಸಿದ ಎರಡು ಜಿಗಿಯುವ ಕುದುರೆ,
ಚಿನ್ನದ ಬಣ್ಣ, ಹೊಟ್ಟೆಯ ಮೇಲೆ ಅವನ ಮಕ್ಕಳ ಹೆಸರು.
"ಇವೆರಡು ಮಿಕ್ಕಿದ ಅರವತ್ತೊಂದರ ಮೇಲೆ
ಸವಾರಿ ಮಾಡ್ತಾ ಅವೆ."
ನನಗೆ ಅದು ಇಷ್ಟವಿತ್ತು. ಹೇಳಲಿಲ್ಲ.
ಗ್ಯಾಸ್ ಕಟ್ಟರ್ ನೀಲಿಯಾಗಿ ಉರಿಯಿತು.

ಗುಜರಿಯಲ್ಲಿ ನಲವತ್ತಾರು ಕೇಜಿ ತೂಗಿತು,
ಕೇಜಿಗೆ ಇಪ್ಪತ್ತೊಂಬತ್ತು.
ಪೈಪು, ಕ್ಲಾಂಪು, ಶೂ, ಸ್ಪ್ರಿಂಗು, ಫಿಲ್ಟರು, ಗೌಸ್‌ಪೀರನ ಕೂಲಿ
ಎಲ್ಲ ಕಳೆದು ಡಬ್ಬಿಯಲ್ಲಿ
ಇನ್ನೂ ಸಾವಿರದ ನೂರಿಪ್ಪತ್ತನಾಲ್ಕು.
ಮುರಿದುಬಿದ್ದ ಒಂದು ಕಿವಿಯನ್ನು ಮಾತ್ರ
ಡ್ಯಾಶ್‌ಬೋರ್ಡಿನ ಮಾತೆಯ ಪಕ್ಕ ಇಟ್ಟುಕೊಂಡೆ.
ಅದರ ಭಾರ ನಾನು ಹೊರುತ್ತೇನೆ.

"ಎಷ್ಟು ಕುದ್ರೆ ವಾಪಸ್ ಬಂದ್ವು?" ಕೇಳಿದೆ.
"ಅಳೆಯೋ ಮಿಷನ್ ನನ್ ಹತ್ರ ಎಲ್ಲೈತೆ?
ಏರು ಐತಲ್ಲ, ಹೋಗಿ ಅದನ್ನೇ ಕೇಳು."

ಇವತ್ತು ಬೆಳಿಗ್ಗೆ ಏರು ಎರಡನೇ ಗೇರಿನಲ್ಲೇ ಮುಗಿಯಿತು,
ಮೂರನೆಯದು ಕೈಯ ಕೆಳಗೆ ಚಡಪಡಿಸುತ್ತಿತ್ತು.
ಇಮಾಂಬಿ ಗೇಣು ಹಾಕಿದಳು, ಮತ್ತೊಮ್ಮೆ ಹಾಕಿದಳು,
ಬೆರಳು ಒದರಿಕೊಂಡು "ಸುಡ್ತದಲ್ಲೇ" ಅಂದಳು.

ಕೋಲ್ಸ್ ಪಾರ್ಕಿನ ತಿರುವಿನಲ್ಲಿ ಮಾತ್ರ
ದಿನಾ ನನ್ನ ಗಾಡಿಯ ಹಿಂದೆ
ಸೋರುವ ನೀರು ನೆಕ್ಕುತ್ತ ಬರುವ ಎರಡು ನಾಯಿ
ಒಣ ಟಾರಿನ ಮೇಲೆ ಮೂಗಿಟ್ಟು
ಏನೋ ತಪ್ಪಾಗಿದೆಯೆಂಬಂತೆ ನಿಂತಿದ್ದವು.
ಕನ್ನಡಿಯಲ್ಲಿ ಕಂಡವು.
ಕಾಲು ತಾನಾಗಿ ಬ್ರೇಕಿಗೆ ಹೋಯಿತು.
ಹಿಡಿಯಿತು; ಈಗ ನಾನು ಒತ್ತಿದಾಗ ಮಾತ್ರ.
ಇಳಿದು, ಗೋಣಿ ಸರಿಸಿ,
ಒಂದು ಚೂರು ಒಡೆದು ಹಾಕಿದೆ.