ತೂಕದ ಚೀಟಿ

ಅರ್ಸಿ ಗುಡ್ಡಗಳ ಕೆಳಗೆ, ಮಾಲ್ಟ್ ಕಾರ್ಖಾನೆಯ ಗೇಟಿನಲ್ಲಿ
ನನ್ನದು ತೂಕದ ಕೆಲಸ.
ತುಂಬಿದ ಲಾರಿಯಲ್ಲಿ ಖಾಲಿ ಲಾರಿ ಕಳೆದರೆ
ಉಳಿದದ್ದು ಬಾರ್ಲಿ.
ಬಿತ್ತಿದವನಲ್ಲ ನಾನು, ಬೇಯಿಸಿದವನೂ ಅಲ್ಲ;
ಕಳೆಯುವುದೊಂದು ಗೊತ್ತು.

ಸೋಮವಾರ ಬಂದವಳು ಬಧಾತು.
ಹನ್ನೊಂದು ಮನೆಗಳ ಕಾಳು, ಐವತ್ತೆರಡು ಕ್ವಿಂಟಲ್,
ರಸ್ತೆಯ ತನಕ ಕತ್ತೆಗಳ ಮೇಲೆ, ಆಮೇಲೆ ಬಾಡಿಗೆ ಲಾರಿ.
ಒಂದು ಹಿಡಿ ತೆಗೆದು ನನ್ನ ಕಿಟಕಿಗೆ ಚಾಚಿದಳು:
"ನೋಡು, ಒಂದಾದರೂ ಮೊಳೆತಿದೆಯೇ?"
ಕೊಯ್ಲಿನಿಂದ ಈತನಕ ಅವಳು ಕಾದದ್ದೇ ಅದಕ್ಕೆ,
ಕಣಜಕ್ಕೆ ಸಗಣಿ ಬಳಿದು, ಬೂದಿ ಬೆರೆಸಿ,
ಹನಿ ತಾಗದಂತೆ, ಕಾಳು ಕಣ್ಣೊಡೆಯದಂತೆ.

ಹೇಗೆ ಹೇಳಲಿ,
ಒಳಗೆ ಮೊದಲು ಮಾಡುವುದೇ ನೆನೆಹಾಕುವುದೆಂದು?
ಕತ್ತಲ ಕೋಣೆಯಲ್ಲಿ ನಾಲ್ಕು ದಿನ ಬೇರು ಬಿಡಿಸಿ,
ಹೊಲ ಸಿಕ್ಕಿತೆಂದು ಕಾಳು ನಂಬುವಷ್ಟರಲ್ಲಿ
ಬಿಸಿಗಾಳಿ ಬಿಟ್ಟು ನಿಲ್ಲಿಸುತ್ತಾರೆ.
ಅರ್ಧಕ್ಕೆ ನಿಂತ ಆ ಮೊಳಕೆಗೇ ಬೆಲೆ.

ಹನ್ನೊಂದಕ್ಕೆ ಕರೆಂಟು ಹೋಯಿತು.
ನನ್ನ ಕೆಂಪು ಅಂಕಿಗಳು ಆರಿದವು.
ಹದಿನೇಳು ಲಾರಿಗಳು ನೀಲಗಿರಿ ಮರಗಳ ನೆರಳಿಗೆ ಸರಿದವು.
ಆಗ ನೋಡಬೇಕು ಗೇಟಿನಾಚೆ ಜೆರ್ಫೆಯ ಸುಗ್ಗಿ!
ಯಂತ್ರದ ಉಸಿರು ನಿಂತರೆ ಅವಳ ಕೆಂಡಕ್ಕೆ ಉಸಿರು;
ಕಪ್ಪು ತೊಳೆಯಲು ಪುರುಸೊತ್ತಿಲ್ಲ.
ಕ್ಷೌರದ ಕುರ್ಚಿಗೆ ಡ್ರೈವರುಗಳ ಗಡ್ಡ,
ಸೋಲಾರು ಹಲಗೆಯ ಹುಡುಗ ತೋಲೆರಾನಿಗೆ
ಎಲ್ಲರ ಸತ್ತ ಫೋನು.

ಮರುದಿನ ಅದೇ ಕಾಫಿ
ಸಾಲದ ಪುಸ್ತಕಕ್ಕೆ ಇಳಿಯಿತು.
ಮೂರನೆಯ ದಿನ ಜೆರ್ಫೆಯೇ ಬಂದು ಕೇಳಿದಳು:
"ಯಂತ್ರ ಯಾವಾಗ?"

ಒಳಗೆ, ನೆನೆದ ಕಾಳಿಗೆ ಹೇಳುವವರಿರಲಿಲ್ಲ, ಸಾಕೆಂದು.
ಬಿಸಿಗಾಳಿಯಿಲ್ಲದೆ ಅದು ಬೆಳೆದೇ ಬೆಳೆಯಿತು,
ಬೇರಿಗೆ ಬೇರು ಹೆಣೆದು ಕಂಬಳಿಯಾಯಿತು,
ಗೋದಾಮಿಗೆಲ್ಲ ಎಳೆ ಸೌತೆಯ ವಾಸನೆ.
ಬಿಯರಿಗೆ ಬಾರದು, ದನಕ್ಕಾದೀತು, ಎಂದ ಮ್ಯಾನೇಜರು
ಕಿಲೋಗೆ ಇಷ್ಟೆಂದು ಬೋರ್ಡು ಬರೆಸಿದ.

ಗುರುವಾರ ಬಧಾತುವಿನ ಲಾರಿ ತಕ್ಕಡಿ ಹತ್ತಿತು.
ಕಾಳಿಳಿಸಿ, ಆ ಹಸಿರು ಕಂಬಳಿಯನ್ನೇ ತುಂಬಿಕೊಂಡು
ಮತ್ತೆ ಹತ್ತಿತು. ಯಾರ ಹೊಲದ್ದೋ ಮೊಳಕೆ,
ಅವಳ ಎರಡು ಹಸುಗಳಿಗೆ.
ಬೆರಳಲ್ಲಿ ಒಂದೆಳೆ ಹಿಡಿದು ನಕ್ಕಳು:
"ನಾನು ತಡೆದದ್ದನ್ನೇ ನನಗೆ ಮಾರುತ್ತೀರಲ್ಲ!"

ಆಮೇಲೆ ಚೀಟಿ ನೋಡಿ ನಗು ನಿಲ್ಲಿಸಿದಳು.
ಊರ ತಕ್ಕಡಿಗೂ ನನ್ನದಕ್ಕೂ ನಲವತ್ತು ಕಿಲೋ ಅಂತರ.
"ಮೂರು ದಿನ ಲಾರಿಯಲ್ಲಿ ಒಣಗಿತಲ್ಲ," ಎಂದೆ,
"ಬಿಸಿಲು ತಿಂದದ್ದು."
ಅವಳು ಕೈ ಕಿಟಕಿಯೊಳಗೇ ಇಟ್ಟಳು:
"ಹಾಗಾದರೆ ಬಿಸಿಲಿನ ಹೆಸರಿಗೊಂದು ಚೀಟಿ ಬರೆ."