ಕೈಗಡ

ಸಬ್ಬಕ್ಕಿ ಕಾಳಷ್ಟೇ ಇತ್ತು ಮೊದಲು,
ಬಲಗಣ್ಣ ಕೆಳರೆಪ್ಪೆಯ ಅಂಚಿಗೆ ಅಂಟಿಕೊಂಡು,
ಹಾಗೇ ನುಣ್ಣಗೆ, ಅದೇ ಮಂಕು ಹೊಳಪು.
ಕಣ್ಣುಕುಟಿಕೆ ಎಂದ ಲೆನ್. ಬಿಸಿ ಚಮಚ ಒತ್ತಿಕೊಂಡ.
ಎರಡು ಗೋಧಿ ಸುಗ್ಗಿ ಕಳೆದರೂ ಕುಟಿಕೆ ಹೋಗಲಿಲ್ಲ.
ಅಲ್ಲಿದ್ದ ನಾಲ್ಕು ಎವೆಗೂದಲು ಮಾತ್ರ ಹೋದವು,
ಯಾರಿಗೂ ಹೇಳದೆ.

ನೋವಿಲ್ಲದ್ದನ್ನು ನಂಬಬಾರದು ಎಂದೆ.
ನೋವಿಲ್ಲವಲ್ಲ, ಮತ್ತೇನು ಎಂದ.
ನಲವತ್ತೊಂದು ವರ್ಷದ ಸಂಸಾರದಲ್ಲಿ
ನಮ್ಮ ಜಗಳಗಳೆಲ್ಲ ಸುಮಾರು ಇಷ್ಟೇ ಉದ್ದ.

ಗೋಧಿ ರೈಲು ಓಡಿಸುತ್ತಿದ್ದವನು.
ಡಾಲ್ಬಿಯಿಂದ ರೋಮಾ ಕಡೆಗೆ ಖಾಲಿ ವ್ಯಾಗನ್ನು ಎಳೆದುಕೊಂಡು,
ಮಧ್ಯಾಹ್ನ ಮೂರರಿಂದ ಕತ್ತಲಾಗುವವರೆಗೂ
ಹಳಿಯ ತುದಿಗೆ ಸೂರ್ಯ,
ಎಷ್ಟು ಓಡಿಸಿದರೂ ಬಾರದ ಸ್ಟೇಷನ್ನಿನ ಹಾಗೆ.
"ಕೆಂಪು ಕಂಡರೆ ನಿಲ್ಲಿಸು ಅಂತಾರೆ,
ಇಷ್ಟು ದೊಡ್ಡ ಕೆಂಪಿಗೆ ಮಾತ್ರ ನಿಲ್ಲಿಸುವಂತಿಲ್ಲ," ಅನ್ನುತ್ತಿದ್ದ.
ನಾನು ನಗುತ್ತಿದ್ದೆ. ಈಗ
ಆ ತಮಾಷೆಗೂ ಒಂದು ಬಿಲ್ಲು ಬಂದಿದೆ.

ತೂವುಂಬಾದಲ್ಲಿ ಡಾಕ್ಟರ್ ಫಾಮ್, ಮೆಲುದನಿಯ ಹೆಂಗಸು,
ಕಾಗದದ ಮೇಲೆ ಒಂದು ಕಣ್ಣು ಬರೆದರು,
ಮಕ್ಕಳು ಮೀನು ಬರೆವ ಹಾಗೆ.
"ಒಂದು ಪದರ ತೆಗೆಯುತ್ತೇನೆ. ಅಂಚಿಗೆ ಬಣ್ಣ ಹಚ್ಚುತ್ತೇನೆ,
ಮೂಗಿನ ಕಡೆ ನೀಲಿ, ಕಿವಿಯ ಕಡೆ ಕೆಂಪು.
ಮೈಕ್ರೋಸ್ಕೋಪಿನಲ್ಲಿ ಬೇರು ಕಂಡ ಕಡೆ ಮಾತ್ರ ಮತ್ತೆ ಹೋಗುತ್ತೇನೆ.
ಕಾಣದ ಕಡೆ ಮುಟ್ಟುವುದಿಲ್ಲ."
ಲೆನ್ ತಲೆಯಾಡಿಸಿದ. ನಕ್ಷೆ ಇಟ್ಟುಕೊಂಡು ಕೆಲಸ ಮಾಡುವವರೆಂದರೆ
ಅವನಿಗೆ ಮೊದಲಿಂದಲೂ ಗೌರವ.

ಮೊದಲ ಸುತ್ತು ಮುಗಿಸಿ ಬಂದು ಕೂತ,
ಅರ್ಧ ಮುಖಕ್ಕೆ ಬ್ಯಾಂಡೇಜು, ಕೈಯಲ್ಲಿ ಚಹಾ.
ಸುತ್ತ ಅವನಂಥವರೇ:
ಮೂಗಿಗೆ ಪಟ್ಟಿ ಅಂಟಿಸಿಕೊಂಡ ಕುರಿ ಉಣ್ಣೆ ಕತ್ತರಿಸುವವನು,
ಹಣೆಗೆ ಕಟ್ಟಿಸಿಕೊಂಡ ಈಜು ಕಲಿಸುವ ಟೀಚರಮ್ಮ.
ಯಾರೂ ಏನೂ ಕೇಳಲಿಲ್ಲ. ನಿಮ್ಮ ಕಡೆ ಮಳೆ ಆಯ್ತಾ, ಅಷ್ಟೇ.
ಗಂಟೆಯ ಮೇಲೆ ನರ್ಸ್ ಬಂದಳು: ಮೂಗಿನ ಕಡೆ ಇನ್ನೂ ಸ್ವಲ್ಪ ಇದೆ.
ಎರಡನೇ ಸುತ್ತು. ಇನ್ನೂ ಒಂದೆಳೆ.
ಮೂರನೇ ಸುತ್ತು. ನನ್ನ ಸ್ಯಾಂಡ್‌ವಿಚ್ಚು ಚೀಲದಲ್ಲೇ ಬೆವರಿತು.
ನಾಲ್ಕು ಗಂಟೆಗೆ ಡಾಕ್ಟರೇ ಬಂದು, ಎಲ್ಲ ಅಂಚೂ ಚೊಕ್ಕ ಎಂದರು.
ಚೊಕ್ಕ ಎಂದರೆ ಉಳಿದದ್ದು ಎಷ್ಟು
ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.
ಕೆಳರೆಪ್ಪೆಯಲ್ಲಿ ಮುಕ್ಕಾಲು ಪಾಲು ಇರಲಿಲ್ಲ.

ಕಣ್ಣನ್ನು ರೆಪ್ಪೆ ಕಾಯುವ ಹಾಗೆ ಎನ್ನುವುದುಂಟು.
ರೆಪ್ಪೆಯನ್ನು ಕಾಯುವವರು ಯಾರೆಂದು
ಯಾರೂ ಹೇಳಿಲ್ಲ.
ಮಾರನೆಯ ದಿನ ಗೊತ್ತಾಯಿತು: ಇನ್ನೊಂದು ರೆಪ್ಪೆ.
ಮೇಲಿನದರ ಒಳಪದರ ಬಿಡಿಸಿ ಕೆಳಕ್ಕಿಳಿಸಿ ಹೊಲಿದರು,
ಕಿವಿಯ ಹಿಂದಿನ ಚರ್ಮ ತಂದು ಹೊದಿಸಿದರು.
ಬಡ್ಡಿಯಿಲ್ಲ, ಪತ್ರವಿಲ್ಲ. ಕೈಗಡ.
ಷರತ್ತು ಒಂದೇ, ನಾಲ್ಕು ವಾರ ಕಣ್ಣು ಮುಚ್ಚಿಯೇ ಇರಬೇಕು,
ತಂದದ್ದು ಅಲ್ಲಿ ಬೇರೂರುವವರೆಗೆ.

ಆ ನಾಲ್ಕು ವಾರ ಒಂಟಿಗಣ್ಣಿನ ಮನುಷ್ಯ
ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿದ,
ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟ,
ನನ್ನನ್ನು ಬೈದ, ನಾಯಿಯ ಕ್ಷಮೆ ಕೇಳಿದ.
ರಾತ್ರಿ ದೂರದಲ್ಲಿ ರೈಲು ಕೂಗಿದರೆ
ಹೊಲಿದ ರೆಪ್ಪೆಯೊಳಗೆ ಗುಡ್ಡೆ ಹೊರಳುತ್ತಿತ್ತು,
ಮುಸುಕಿನೊಳಗೆ ನಿದ್ದೆಯ ನಟನೆ ಮಾಡುವ ಮಗುವಿನ ಹಾಗೆ.
ಒಂದು ಬೆಳಿಗ್ಗೆ, ಕಿಟಕಿಯ ಬಿಸಿಲು ಮುಖಕ್ಕೆ ಬಿದ್ದಾಗ, ಕೇಳಿದೆ:
ಏನು ಕಾಣುತ್ತೆ ಒಳಗೆ?
"ಕೆಂಪು," ಅಂದ. "ನಿಲ್ಲಿಸಿದ್ದೇನೆ."

ಬಿಡಿಸಿದ ದಿನ ನೀರು ತುಂಬಿದ ಕಣ್ಣೊಂದು ನನ್ನನ್ನು ನೋಡಿತು.
ಹೊಸ ರೆಪ್ಪೆಗೆ ಎವೆಗೂದಲಿಲ್ಲ. ಬೋಳು, ಕೆಂಪಗೆ,
ಮನೆಯಲ್ಲಿ ಯಾರನ್ನೂ ಹೋಲದ ಅಂಚು.
"ವಯಸ್ಸಾಗಿದೆ ಕಣೇ ನಿನಗೆ," ಅಂದ.
ಮೊದಲು ಆಡಿದ ಮಾತೇ ಅದು, ತಾರೀಕಿನ ಸಮೇತ ಬರೆದಿಟ್ಟಿದ್ದೇನೆ.

ನಾವು ಏಳುವಾಗ ಡಾಕ್ಟರ್ ಫಾಮ್ ದೀಪ ಆರಿಸಲಿಲ್ಲ.
ನನ್ನ ಮೂಗಿನ ಬದಿಯನ್ನೇ ನೋಡುತ್ತಿದ್ದರು.
"ಮನೆಯಲ್ಲಿ ಬಟ್ಟೆ ಒಣಹಾಕುವುದು ಯಾವ ದಿಕ್ಕಿಗೆ, ಬೆರಿಲ್?"
ಪಶ್ಚಿಮಕ್ಕೆ, ಎಂದೆ.
"ಒಂದು ನಿಮಿಷ ನೀವೂ ಕೂರಿ."
ಕುರ್ಚಿ ಇನ್ನೂ ಬೆಚ್ಚಗಿತ್ತು.